ಮನೆ ಮೇಲೆ ಹಾರುವ ವಿಮಾನವನ್ನು ಸಿಟಿ ಕೌನ್ಸಿಲ್ ನಿಲ್ಲಿಸಬಹುದಾ?

ಪ್ರಶ್ನೆ: ನಾವು ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನ ಪೂರ್ವ ಭಾಗದಲ್ಲಿ. ಪಕ್ಕದಲ್ಲೇ ರೀಡ್-ಹಿಲ್‌ವ್ಯೂ ಅನ್ನುವ ಸಣ್ಣ ವಿಮಾನ ನಿಲ್ದಾಣ. ಶನಿವಾರ, ಭಾನುವಾರ ಬಂದರೆ ಸಣ್ಣ ವಿಮಾನಗಳು ತಲೆ ಮೇಲೆ ಗುಂಯ್ ಅಂತ ಸುತ್ತುತ್ತಲೇ ಇರುತ್ತವೆ. ಒಂದು ಆರ್ಡಿನೆನ್ಸ್ ಪಾಸ್ ಮಾಡಿ ನಿಲ್ಲಿಸಿದರೆ ಮುಗಿಯಿತಲ್ವಾ? ಯಾಕೆ ಮಾಡಲ್ಲ?

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಮೊದಲು ಒಂದು ಪದ ಸರಿಮಾಡಿಕೊಳ್ಳೋಣ. ಆರ್ಡಿನೆನ್ಸ್ ಅಂದ ಕೂಡಲೇ ನಮಗೆ ರಾಜ್ಯಪಾಲರ ಸುಗ್ರೀವಾಜ್ಞೆ ನೆನಪಾಗುತ್ತದೆ. ಅಮೆರಿಕದಲ್ಲಿ ಅದು ಊರಿನ ಕೌನ್ಸಿಲ್ ಮಾಡುವ ಕಾನೂನು, ನಮ್ಮ ನಗರಸಭೆಯ ಬೈಲಾ ಇದ್ದ ಹಾಗೆ. ಕಸ ಎಲ್ಲಿ ಹಾಕಬೇಕು, ಅಂಗಡಿ ಎಷ್ಟು ಹೊತ್ತಿಗೆ ಮುಚ್ಚಬೇಕು, ಎಷ್ಟು ಮಹಡಿ ಕಟ್ಟಬಹುದು, ಇಂಥದ್ದಕ್ಕೆಲ್ಲ ಅದು ಸಾಕು. ಹಾರುವ ವಿಮಾನಕ್ಕೆ ಸಾಕಾಗುವುದಿಲ್ಲ.

ಇದನ್ನು ಖರ್ಚು ಮಾಡಿ ಕಲಿತದ್ದು ಲಾಸ್ ಏಂಜಲೀಸ್ ಹತ್ತಿರದ ಬರ್ಬ್ಯಾಂಕ್ ಊರು. 1970ರಲ್ಲಿ ಅಲ್ಲಿನ ಕೌನ್ಸಿಲ್ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಜೆಟ್ ವಿಮಾನ ಏರಬಾರದು ಅಂತ ಆರ್ಡಿನೆನ್ಸ್ ತಂದಿತು. ತಮಾಷೆ ಅಂದರೆ, ಆಗ ಅದರಿಂದ ತೊಂದರೆ ಆಗುತ್ತಿದ್ದದ್ದು ವೇಳಾಪಟ್ಟಿಯ ಒಂದೇ ಒಂದು ವಿಮಾನಕ್ಕೆ. ಪ್ರತಿ ಭಾನುವಾರ ರಾತ್ರಿ 11:30ಕ್ಕೆ ಸ್ಯಾನ್ ಡಿಯಾಗೋಗೆ ಹೊರಡುವ ವಿಮಾನ ಅದು. ಆ ಒಂದು ವಿಮಾನದ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1973ರಲ್ಲಿ 5-4ರ ತೀರ್ಪು ಬಂತು. ಆಕಾಶದ ಸಂಚಾರ ಕೇಂದ್ರ ಸರ್ಕಾರದ ಕೆಲಸ, ಒಂದೊಂದು ಊರು ಒಂದೊಂದು ಸಮಯ ಇಟ್ಟರೆ ದೇಶದ ವಿಮಾನಗಳು ನಡೆಯುವುದು ಹೇಗೆ ಅಂದಿತು ಕೋರ್ಟ್. ಆರ್ಡಿನೆನ್ಸ್ ಬಿದ್ದುಹೋಯಿತು.

ಆದರೆ ಆ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ ಬಾಗಿಲು ಒಂಚೂರು ತೆರೆದೇ ಇತ್ತು. ಆಗ ಆ ನಿಲ್ದಾಣ ಲಾಕ್‌ಹೀಡ್ ಕಂಪನಿಯದ್ದು, ಊರಿನದ್ದಲ್ಲ. ನಿಲ್ದಾಣದ ಮಾಲೀಕ ತಾನೇ ನಿಯಮ ಹಾಕಿದರೆ ಏನು ಅನ್ನುವುದನ್ನು ಕೋರ್ಟ್ ತೀರ್ಮಾನಿಸಲಿಲ್ಲ. ಇವತ್ತಿನ ಎಲ್ಲ ಚರ್ಚೆಯೂ ಆ ಸಂದಿಯೊಳಗೇ ನಡೆಯುತ್ತಿದೆ.

ಮಾಲೀಕನಿಗೆ ಮಾತ್ರ ಯಾಕೆ ಈ ರಿಯಾಯಿತಿ? ಇದರ ಹಿಂದೆ ಒಂದು ಕೋಳಿ ಕಥೆ ಇದೆ. ನಾರ್ತ್ ಕೆರೊಲೈನಾದಲ್ಲಿ ಕಾಸ್ಬಿ ಅನ್ನುವ ಕೋಳಿ ಸಾಕುವ ರೈತ ಇದ್ದರು. ಎರಡನೇ ಮಹಾಯುದ್ಧದ ಸಮಯ. ಪಕ್ಕದ ನಿಲ್ದಾಣಕ್ಕೆ ಇಳಿಯುವ ಮಿಲಿಟರಿ ವಿಮಾನಗಳು ಅವರ ಜಮೀನಿನ ಮೇಲೆ ಬರೀ 83 ಅಡಿ ಎತ್ತರದಲ್ಲಿ ಹೋಗುತ್ತಿದ್ದವು. ಕೋಳಿಗಳು ಹೆದರಿ ಗೋಡೆಗೆ ಬಡಿದುಕೊಂಡು ಸತ್ತವು, ಸುಮಾರು 150. ಕೊನೆಗೆ ಆ ಕಸುಬನ್ನೇ ಬಿಡಬೇಕಾಯಿತು. ಭೂಮಿ ಇದ್ದವನಿಗೇ ಅದರ ಮೇಲಿನ ಆಕಾಶವೆಲ್ಲ ಸೇರಿದ್ದು ಅನ್ನುವ ಹಳೇ ಮಾತು ಈ ಕಾಲಕ್ಕೆ ನಡೆಯಲ್ಲ ಅಂತ 1946ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಇಷ್ಟು ಕೆಳಗೆ ಹಾರಿ ಜಮೀನು ಹಾಳುಮಾಡಿದರೆ ಪರಿಹಾರ ಕೊಡಲೇಬೇಕು ಅಂತಲೂ ಹೇಳಿತು.

ಪರಿಹಾರ ಕೊಡುವವರು ಯಾರು? ಕಾಸ್ಬಿ ವಿಷಯದಲ್ಲಿ ಕೇಂದ್ರ ಸರ್ಕಾರ, ಯಾಕೆಂದರೆ ವಿಮಾನ ಅದರದ್ದೇ. ಸಾಮಾನ್ಯ ನಿಲ್ದಾಣವಾದರೆ? 1962ರಲ್ಲಿ ಪಿಟ್ಸ್‌ಬರ್ಗ್ ನಿಲ್ದಾಣದ ಮೊಕದ್ದಮೆಯಲ್ಲಿ ಕೋರ್ಟ್ ಕೈ ತೋರಿಸಿದ್ದು ನಿಲ್ದಾಣದ ಮಾಲೀಕನಾದ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ ಕಡೆಗೆ. ನಿಲ್ದಾಣ ಕಟ್ಟಿದವರು ನೀವು, ರನ್‌ವೇ ಎಲ್ಲಿ ಬರಬೇಕು ಅಂತ ನೋಡಿದವರು ನೀವು, ಹಾಗಾಗಿ ದುಡ್ಡೂ ನಿಮ್ಮದೇ. ಶಬ್ದಕ್ಕೆ ದಂಡ ಕಟ್ಟುವವನು ಅವನೇ ಆದಮೇಲೆ ಶಬ್ದ ಕಮ್ಮಿ ಮಾಡಿಸುವ ಹಕ್ಕೂ ಅವನಿಗೆ ಸ್ವಲ್ಪ ಇರಬೇಕಲ್ವಾ? ಆ ‘ಸ್ವಲ್ಪ’ ಎಷ್ಟು ಅನ್ನುವುದಕ್ಕೇ ಕೌನ್ಸಿಲ್‌ಗಳು ವಕೀಲರಿಗೆ ದುಡ್ಡು ಸುರಿಯುತ್ತಿರುವುದು.

ನಿಮ್ಮೂರಿನದೇ ಉದಾಹರಣೆ ನೋಡಿ. ಸ್ಯಾನ್ ಹೋಸೆಯ ದೊಡ್ಡ ವಿಮಾನ ನಿಲ್ದಾಣ ಸಿಟಿಯ ಆಸ್ತಿ. ಅಲ್ಲಿ ರಾತ್ರಿ 11:30ರಿಂದ ಬೆಳಗ್ಗೆ 6:30ರವರೆಗೆ ಜಾಸ್ತಿ ಶಬ್ದ ಮಾಡುವ ವಿಮಾನಗಳಿಗೆ ನಿರ್ಬಂಧ ಇದೆ. ಮೊದಲು ಈ ನಿಯಮ ವಿಮಾನದ ತೂಕದ ಮೇಲೆ ನಿಂತಿತ್ತು. ಒರಾಕಲ್ ಕಂಪನಿಯ ಲ್ಯಾರಿ ಎಲಿಸನ್ ತಮ್ಮ ಖಾಸಗಿ ಜೆಟ್‌ನಲ್ಲಿ ತಡರಾತ್ರಿ ಬಂದಿಳಿಯುತ್ತಿದ್ದರು. ಸಿಟಿ ಆಕ್ಷೇಪ ಎತ್ತಿದಾಗ ಕೋರ್ಟಿಗೆ ಹೋದರು. ನನ್ನ ವಿಮಾನ ಭಾರ ಇರಬಹುದು, ಆದರೆ ಹಗುರವಾದ ಎಷ್ಟೋ ವಿಮಾನಗಳಿಗಿಂತ ಶಬ್ದ ಕಮ್ಮಿ ಅನ್ನುವುದು ಅವರ ವಾದ. 2001ರಲ್ಲಿ ಗೆದ್ದರು. ದುಡ್ಡಿದ್ದವರ ಹಟ ಅಂತ ಸುಮ್ನೆ ಬೈಯಬಹುದು, ಆದರೆ ವಾದ ಸರಿಯಾಗಿಯೇ ಇತ್ತು. ತೊಂದರೆ ಶಬ್ದದ್ದಾದರೆ ತಕ್ಕಡಿ ಯಾಕೆ? ಆಮೇಲೆ ಸಿಟಿ ನಿಯಮವನ್ನು ಶಬ್ದದ ಲೆಕ್ಕಕ್ಕೆ ಬದಲಾಯಿಸಿತು.

ಇಂಥ ನಿಯಮ ಈಗ ಹೊಸದಾಗಿ ತರುವುದು ತುಂಬಾ ಕಷ್ಟ. 1990ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ, ಹಳೇ ನಿರ್ಬಂಧಗಳನ್ನು ಹಾಗೇ ಬಿಟ್ಟು, ಹೊಸದಕ್ಕೆ ದೊಡ್ಡ ಬೇಲಿ ಹಾಕಿತು. ಬರ್ಬ್ಯಾಂಕ್‌ನವರಿಗೆ ಇದು ಚೆನ್ನಾಗಿ ಗೊತ್ತು. 1978ರಲ್ಲಿ ಅಕ್ಕಪಕ್ಕದ ಗ್ಲೆಂಡೇಲ್, ಪ್ಯಾಸಡೀನಾ ಊರುಗಳ ಜೊತೆ ಸೇರಿ ನಿಲ್ದಾಣವನ್ನೇ ಕೊಂಡುಕೊಂಡರು. ಮಾಲೀಕರಾದರು. ವರ್ಷಗಟ್ಟಲೆ ಅಧ್ಯಯನ ಮಾಡಿಸಿ ರಾತ್ರಿ ಕರ್ಫ್ಯೂಗೆ ಅರ್ಜಿ ಹಾಕಿದರು. ಎಫ್‌ಎಎ, ಅಂದರೆ ಕೇಂದ್ರದ ವಿಮಾನಯಾನ ಆಡಳಿತ, 2009ರಲ್ಲಿ ಆಗಲ್ಲ ಅಂದುಬಿಟ್ಟಿತು.

ಇನ್ನು ಅನುದಾನದ ಗಂಟು. ನನ್ನ ಪ್ರಕಾರ ಕೌನ್ಸಿಲ್ ಸಭೆಗಳಲ್ಲಿ ಜನ ಕೇಳಬೇಕಾದದ್ದು ಇದನ್ನೇ, ಕೇಳುವವರು ಕಮ್ಮಿ. ರನ್‌ವೇ ರಿಪೇರಿಗೆ ಎಫ್‌ಎಎ ದುಡ್ಡು ತೆಗೆದುಕೊಂಡರೆ ಸಾಮಾನ್ಯವಾಗಿ 20 ವರ್ಷ ನಿಲ್ದಾಣ ತೆರೆದಿಟ್ಟಿರುತ್ತೇವೆ, ಯಾರಿಗೂ ಭೇದ ಮಾಡುವುದಿಲ್ಲ ಅಂತ ಬರೆದುಕೊಡಬೇಕು. ಅದೇ ದುಡ್ಡಲ್ಲಿ ನಿಲ್ದಾಣಕ್ಕೆಂದು ಜಮೀನು ಕೊಂಡರೆ ಆ ಮಾತಿಗೆ ಕೊನೆ ದಿನವೇ ಇಲ್ಲ. ಮೇಯರ್‌ಗಳು ಬದಲಾಗುತ್ತಾರೆ, ಸಹಿ ಮಾತ್ರ ಹಾಗೇ ಇರುತ್ತದೆ.

ಸ್ಯಾಂಟಾ ಮೋನಿಕಾ ಊರು ಈ ಗಂಟು ಬಿಡಿಸಲು ದಶಕಗಟ್ಟಲೆ ಒದ್ದಾಡಿತು. 2008ರಲ್ಲಿ ವೇಗದ ಜೆಟ್‌ಗಳನ್ನು ತಡೆಯಲು ಆರ್ಡಿನೆನ್ಸ್ ತಂದರೆ ಎಫ್‌ಎಎ ಹೊಡೆದುಹಾಕಿತು, 2011ರಲ್ಲಿ ಕೋರ್ಟೂ ಎಫ್‌ಎಎ ಕಡೆಗೇ ನಿಂತಿತು. ಕೊನೆಗೆ ಫಲ ಕೊಟ್ಟದ್ದು ಆರ್ಡಿನೆನ್ಸ್ ಅಲ್ಲ, 2017ರ ರಾಜಿ ಒಪ್ಪಂದ. 4,973 ಅಡಿ ರನ್‌ವೇಯನ್ನು 3,500 ಅಡಿಗೆ ಇಳಿಸಿದರು. 2028ರ ಡಿಸೆಂಬರ್ 31 ಕಳೆದ ಮೇಲೆ ನಿಲ್ದಾಣ ಮುಚ್ಚಬಹುದು.

ತಾಳ್ಮೆ ಇಲ್ಲದವರ ಕಥೆಯೂ ಉಂಟು. ಶಿಕಾಗೋ ಮೇಯರ್ ರಿಚರ್ಡ್ ಡೇಲಿ 2003ರ ಮಾರ್ಚ್ 30ರ ರಾತ್ರೋರಾತ್ರಿ ಬುಲ್‌ಡೋಜರ್ ಕಳಿಸಿ ಮೀಗ್ಸ್ ಫೀಲ್ಡ್ ಅನ್ನುವ ಸಣ್ಣ ನಿಲ್ದಾಣದ ರನ್‌ವೇ ಅಗೆಸಿಬಿಟ್ಟರು. ಬೆಳಗ್ಗೆ ನೋಡಿದರೆ ದೊಡ್ಡ ದೊಡ್ಡ ಗುಣಾಕಾರದ ಗುರುತುಗಳು, ಪಕ್ಕದಲ್ಲಿ ಹಾರಲಾಗದೆ ನಿಂತ ವಿಮಾನಗಳು. ನೋಟಿಸ್ ಕೊಡದೆ ಮುಚ್ಚಿದ್ದಕ್ಕೆ ದಂಡ ಬರೀ 33,000 ಡಾಲರ್. ಅನುದಾನದ ದುಡ್ಡು ಬೇರೆಡೆ ಬಳಸಿದ್ದಕ್ಕೆ 10 ಲಕ್ಷ ಡಾಲರ್ ವಾಪಸ್ ಕೊಡಬೇಕಾಯಿತು. ಆಮೇಲೆ ಸಂಸತ್ತು ಆ ದಂಡವನ್ನು ದಿನಕ್ಕೆ 10,000 ಡಾಲರ್‌ಗೆ ಏರಿಸಿತು.

ಈಗ ನಿಮ್ಮ ರೀಡ್-ಹಿಲ್‌ವ್ಯೂ. ಅದು ಸಿಟಿಯದ್ದಲ್ಲ, ಸ್ಯಾಂಟಾ ಕ್ಲಾರಾ ಕೌಂಟಿಯದ್ದು. ಸಿಟಿ ಕೌನ್ಸಿಲ್‌ಗೆ ದೂರು ಕೊಟ್ಟರೆ ಅವರು ತಲೆಯಾಡಿಸಬಹುದು, ಅಷ್ಟೇ. ಕೌಂಟಿಯ ಸೂಪರ್‌ವೈಸರ್‌ಗಳ ಮಂಡಳಿ, ಅಂದರೆ ಅದನ್ನು ನಡೆಸುವ ಚುನಾಯಿತ ಮಂಡಳಿ, 2018ರಲ್ಲೇ ಎಫ್‌ಎಎ ಅನುದಾನ ಇನ್ನು ಬೇಡ ಅಂತ ತೀರ್ಮಾನ ಮಾಡಿದೆ. ಹಳೇ ಅನುದಾನದ ಕಟ್ಟು 2031ರವರೆಗೆ ಇದೆ. 2021ರಲ್ಲಿ ಕೌಂಟಿ ಮಾಡಿಸಿದ ಅಧ್ಯಯನದಲ್ಲಿ ನಿಲ್ದಾಣದ ಹತ್ತಿರದ ಮಕ್ಕಳ ರಕ್ತದಲ್ಲಿ ಸೀಸದ ಅಂಶ ಜಾಸ್ತಿ ಕಂಡುಬಂತು. 2022ರ ಜನವರಿ 1ರಿಂದ ಅಲ್ಲಿ ಸೀಸ ಬೆರೆತ ಇಂಧನ ಮಾರುವುದು ನಿಂತಿದೆ. ಹಾರಾಟ ನಿಂತಿಲ್ಲ. ಇಂಧನ ಮಾರಾಟ ನಿಲ್ಲಿಸಿದ್ದಕ್ಕೂ ಎಫ್‌ಎಎ ತನಿಖೆ ಶುರುಮಾಡಿತು ಅಂದಮೇಲೆ ಲೆಕ್ಕ ಹಾಕಿ.

ನಮ್ಮಲ್ಲಿ ಹೇಗೆ ಅಂತ ಊರಿಂದ ಬಂದ ಅಪ್ಪ ಅಮ್ಮ ಕೇಳಿದರೆ ಹೀಗೆ ಹೇಳಿ. ನಮ್ಮ ಸಂವಿಧಾನದಲ್ಲೂ ವಿಮಾನ ಮತ್ತು ವಿಮಾನ ನಿಲ್ದಾಣ ಕೇಂದ್ರ ಪಟ್ಟಿಯ ವಿಷಯ. ಸಹಿಯ ಕಥೆ ಅಲ್ಲೂ ಅದೇ. 2008ರಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಯಿತು. ಅಲ್ಲಿಂದ 25 ವರ್ಷ, ಮೈಸೂರು ಮತ್ತು ಹಾಸನ ಬಿಟ್ಟು, 150 ಕಿಲೋಮೀಟರ್ ಒಳಗೆ ಇನ್ನೊಂದು ದೊಡ್ಡ ನಿಲ್ದಾಣ ಬರಬಾರದು ಅಂತ ಕೇಂದ್ರದ ಒಪ್ಪಂದ ಹೇಳುತ್ತದೆ. ಬೆಂಗಳೂರಿನ ಎರಡನೇ ನಿಲ್ದಾಣದ ಮಾತು ಬಂದಾಗಲೆಲ್ಲ 2033 ಅನ್ನುವ ವರ್ಷ ಕೇಳುವುದು ಅದಕ್ಕೇ.

ಆದ್ದರಿಂದ ನೀವು ಹೋಗಬೇಕಾದದ್ದು ಕೌಂಟಿ ಮಂಡಳಿಯ ಸಭೆಗೆ. ಹೊಸ ಅನುದಾನದ ವಿಷಯ ಅಜೆಂಡಾದಲ್ಲಿ ಬಂದ ದಿನ ತಪ್ಪಿಸಬೇಡಿ. ಮನೆ ಬದಲಾಯಿಸುವ ಯೋಚನೆ ಇದ್ದರೆ, ನಿಲ್ದಾಣದ ಪ್ರಭಾವ ವಲಯದೊಳಗಿನ ಮನೆಯನ್ನು ಮಾರುವವರು ಆ ವಿಷಯ ಬರೆದೇ ತಿಳಿಸಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನಿದೆ. ಸಹಿ ಹಾಕುವಾಗ ಕೊಡುವ ಕಾಗದದ ಕಟ್ಟಿನಲ್ಲಿ ಆ ಒಂದು ಹಾಳೆಯನ್ನು ಹುಡುಕಿ ಓದಿ.