ದಾನಪತ್ರದಲ್ಲಿ ಇರಬೇಕಿದ್ದ ಒಂದು ಸಾಲು

‘ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ ಈ ಸ್ವತ್ತನ್ನು ದಾನವಾಗಿ ಕೊಟ್ಟಿರುತ್ತೇನೆ, ಇನ್ನು ಮುಂದೆ ನೀನೇ ಸರ್ವಸ್ವತಂತ್ರನಾಗಿ ಅನುಭವಿಸಿಕೊಂಡು ಬರತಕ್ಕದ್ದು.’ ಮಗನಿಗೋ ಮಗಳಿಗೋ ಮನೆ ಬರೆದುಕೊಡುವ ದಾನಪತ್ರಗಳ ಒಕ್ಕಣೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಖಾತೆ ಬದಲಾದ ಮೇಲೆ ಮಕ್ಕಳು ಕೈಬಿಟ್ಟರೆ ಮನೆ ವಾಪಸು ಪಡೆಯಲು ಅಡ್ಡ ಬರುವುದೂ ಈ ಒಕ್ಕಣೆಯೇ.

ಮನೆಯ ಮಾತಿಗೆ ಮೊದಲು, ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ಹೇಗೆ ಬಂತೆಂದು ನೋಡೋಣ. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಲ್ಲಿ ಹೆಂಡತಿ, ಮಕ್ಕಳಿಗೆ ಜೀವನಾಂಶವಿತ್ತು, ಹೆತ್ತವರ ಮಾತೇ ಇರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ವಯಸ್ಸಾದ, ಅಶಕ್ತ ತಂದೆತಾಯಿಯನ್ನು ಸಾಕುವ ಹೊಣೆಯನ್ನು ಮಗನ ಜತೆ ಮಗಳ ಮೇಲೂ ಹೊರಿಸಿತು. ಧರ್ಮಭೇದವಿಲ್ಲದೆ ಎಲ್ಲರಿಗೂ ಆ ಹಕ್ಕು ಬಂದದ್ದು 1973ರ ಸಂಹಿತೆಯ 125ನೇ ಕಲಮಿನಿಂದ. ಮದುವೆಯಾದ ಮಗಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ 2001ರವರೆಗೂ ಉಳಿದಿತ್ತು! ಆ ಕಲಮು ಈಗ, ಹಳೆಯ ಸಂಹಿತೆಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 144.

ಮ್ಯಾಜಿಸ್ಟ್ರೇಟ್ ಕೋರ್ಟಿನ ಅಲೆದಾಟ ತಪ್ಪಿಸಲೆಂದು ಬಂದದ್ದು 2007ರ ಹಿರಿಯ ನಾಗರಿಕರ ಕಾಯ್ದೆ. ಕರ್ನಾಟಕದಲ್ಲಿ ಅದು ಜಾರಿಯಾದದ್ದು 2008ರ ಏಪ್ರಿಲ್ 1ರಂದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ.ಗೆ. ಹೆತ್ತವರಿಗೆ ಅರವತ್ತು ತುಂಬಿರಲೇಬೇಕೆಂದಿಲ್ಲ. ಸ್ವಂತ ದುಡಿಮೆ, ಆಸ್ತಿಯಿಂದ ಜೀವನ ಸಾಗದಿದ್ದರೆ ಸಾಕು. ಒಬ್ಬನ ಮೇಲಷ್ಟೇ ಅರ್ಜಿ ಹಾಕಿದರೆ ಅವನು ಅಣ್ಣತಮ್ಮ, ಅಕ್ಕತಂಗಿಯರನ್ನೂ ಪ್ರತಿವಾದಿಗಳಾಗಿ ಎಳೆದು ತರಬಹುದು, ದಿನ ಕಳೆಯುವುದು ಅಲ್ಲೇ. ಆದ್ದರಿಂದ ಎಲ್ಲ ಮಕ್ಕಳ ಹೆಸರು, ವಿಳಾಸ, ಆದಾಯವನ್ನು ಮೊದಲೇ ಬರೆಯುವುದು ಲೇಸು. ನೋಟಿಸ್ ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು, ಹೆಚ್ಚೆಂದರೆ ಇನ್ನೊಂದು 30 ದಿನ. ಆದೇಶವಾದರೂ ದುಡ್ಡು ಬಾರದಿದ್ದರೆ ವಸೂಲಿ ಅರ್ಜಿಯನ್ನು ಬಾಕಿಯಾದ 3 ತಿಂಗಳೊಳಗೆ ಹಾಕಬೇಕು. ಸುಮ್ಮನಿದ್ದರೆ ಹಳೆಯ ಕಂತುಗಳು ಕೈತಪ್ಪುತ್ತವೆ.

ಈ ಕಾಯ್ದೆಯಡಿ ಜೀವನಾಂಶ ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ. ಮಿತಿ ತೆಗೆಯಲು, ಸೊಸೆ ಅಳಿಯಂದಿರನ್ನೂ ಹೊಣೆಗಾರರಾಗಿಸಲು 2019ರಲ್ಲಿ ಲೋಕಸಭೆಗೆ ಬಂದ ಮಸೂದೆ ಹಾಗೇ ಬಿದ್ದುಹೋಯಿತು. ಸುರಕ್ಷಾ ಸಂಹಿತೆಯ 144ನೇ ಕಲಮಿಗೆ ಮಿತಿಯಿಲ್ಲ, ಆದರೆ ಎರಡು ಕಡೆಯೂ ಪಡೆಯುವಂತಿಲ್ಲ. ಮಕ್ಕಳ ಸಂಬಳ ದೊಡ್ಡದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟನ್ನೂ ಲೆಕ್ಕ ಹಾಕಿ ನೋಡಬೇಕು.

ಕಾಯ್ದೆಯ ನಿಜವಾದ ಬಲ 23ನೇ ಕಲಮಿನಲ್ಲಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ತಪ್ಪಿದರೆ ಆ ವರ್ಗಾವಣೆಯನ್ನು ಮೋಸದ್ದೆಂದು ಭಾವಿಸಿ ರದ್ದುಮಾಡಬಹುದು. ತಗಾದೆಯೆಲ್ಲ ‘ಷರತ್ತು’ ಎಲ್ಲಿದೆ ಎಂಬುದರಲ್ಲಿ. ಹೆಣ್ಣುಮಕ್ಕಳಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟ ತಾಯಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ, ಷರತ್ತಿತ್ತೆಂದು ಹೇಳಿ ಸಾಬೀತುಪಡಿಸದಿದ್ದರೆ ಈ ಕಲಮು ನಡೆಯದು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರು ಗೆದ್ದರು. ಕೊನೆತನಕ ನೋಡಿಕೊಳ್ಳುತ್ತೇನೆಂದು ಮಗ ಪ್ರತ್ಯೇಕವಾಗಿ ಬರೆದುಕೊಟ್ಟಿದ್ದನೆಂಬ ವಚನಪತ್ರ ಅವರ ಬಳಿ ಇತ್ತು. ಹಿರಿಯರ ಪರವಾಗಿ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದ ಕೋರ್ಟ್, ಸ್ವತ್ತಿನ ಸ್ವಾಧೀನವನ್ನೂ ಕೊಡಿಸಿತು.

ಹಾಗಾಗಿ ಪತ್ರ ಬರೆಯುವವರು ‘ರೂಢಿ ಹೀಗೇ’ ಎಂದರೂ ಒಪ್ಪದೆ, ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು, ತಪ್ಪಿದರೆ ದಾನ ರದ್ದಾಗತಕ್ಕದ್ದು ಎಂಬ ಸಾಲನ್ನು ಹಾಕಿಸಬೇಕು. ಜೀವ ಇರುವತನಕ ಆ ಮನೆಯಲ್ಲೇ ವಾಸಿಸುವ ಹಕ್ಕನ್ನೂ ಉಳಿಸಿಕೊಳ್ಳಬೇಕು. ಆತುರವಿಲ್ಲದಿದ್ದರೆ ವಿಲ್ ವಾಸಿ: ಬದುಕಿರುವಷ್ಟು ದಿನ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಮನೆಯಲ್ಲಿ ಸೊಸೆಯಿದ್ದರೆ ಲೆಕ್ಕ ಬೇರೆ. ಬೆಂಗಳೂರಿನದೇ ಪ್ರಕರಣವೊಂದರಲ್ಲಿ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆ ಹಿಡಿದು ಸುಲಭವಾಗಿ ಕಿತ್ತುಹಾಕಲಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಯ್ದೆ ಜಾರಿಯಾಗುವ ಮೊದಲೇ ನೋಂದಣಿಯಾದ ಪತ್ರಗಳನ್ನಂತೂ 23ನೇ ಕಲಮು ಮುಟ್ಟುವುದಿಲ್ಲ. ಅವುಗಳಿಗೆ ಸಿವಿಲ್ ದಾವೆಯೇ ದಾರಿ. ರದ್ದತಿಗೆ ಕಾರಣವಾಗುವ ಸಂಗತಿ ತಿಳಿದ 3 ವರ್ಷದೊಳಗೆ ಅದನ್ನು ಹೂಡಬೇಕು.