ದಮ್ ಬಿರಿಯಾನಿಯೊಳಗೆ ಹಬೆ ಮಾಡುವ ಕೆಲಸ

ಮನೆಯಲ್ಲಿ ದಮ್ ಬಿರಿಯಾನಿ ಮಾಡಿದಾಗ ಜಾಸ್ತಿ ಕೇಳಿಬರುವ ದೂರು ಎರಡು. ತಳ ಹಿಡಿದಿದೆ, ಮೇಲಿನ ಅನ್ನ ಇನ್ನೂ ಗಟ್ಟಿ. ಎರಡೂ ಒಂದೇ ಪಾತ್ರೆಯಲ್ಲಿ! ಉರಿ ಏರಿಸಿದರೆ ತಳ ಸೀಯುತ್ತದೆ, ಇಳಿಸಿದರೆ ಮೇಲೆ ಬೇಯುವುದಿಲ್ಲ. ಹೈದರಾಬಾದಿನ ಕಚ್ಚಿ ಬಿರಿಯಾನಿಯಲ್ಲಂತೂ ಇನ್ನೂ ಕಷ್ಟ. ಕೆಳಗೆ ಮೊಸರು, ಮಸಾಲೆಯಲ್ಲಿ ನೆನೆದ ಹಸಿ ಮಾಂಸ, ಮೇಲೆ ಅರೆಬೆಂದ ಬಾಸ್ಮತಿ. ಎರಡೂ ಒಟ್ಟಿಗೆ ಹದಕ್ಕೆ ಬರಬೇಕು, ನಡುವೆ ಸೌಟು ಆಡಿಸುವಂತಿಲ್ಲ.

ತೊಂದರೆ ಇರುವುದೇ ಅಲ್ಲಿ. ಸಾರು ಕುದಿಯುವಾಗ ಬಿಸಿನೀರು ತಾನಾಗಿ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಹರಡಿಟ್ಟ ಅನ್ನಕ್ಕೆ ಆ ಓಡಾಟವಿಲ್ಲ. ಶಾಖ ಅಗುಳಿನಿಂದ ಅಗುಳಿಗೆ ದಾಟಿಕೊಂಡೇ ಮೇಲೆ ಹೋಗಬೇಕೆಂದರೆ, ನಾಲ್ಕು ಬೆರಳು ದಪ್ಪದ ಪದರಕ್ಕೂ ಗಂಟೆಗಟ್ಟಲೆ ಬೇಕು. ಬಿರಿಯಾನಿಗೆ ಅಷ್ಟು ಹೊತ್ತು ಹಿಡಿಯುವುದಿಲ್ಲ, ಅಲ್ವಾ? ಹಬೆ ಇದೆಯಲ್ಲ, ಅದು ಶಾಖವನ್ನು ಹೊತ್ತು ಮೇಲೆ ತಲುಪಿಸುತ್ತದೆ.

ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಲು 70 ಕ್ಯಾಲೊರಿ ಸಾಕು. ಕುದಿಯುವ ಆ ನೀರನ್ನು ಹಬೆಯಾಗಿಸಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ಹಬೆ ಅಷ್ಟನ್ನೂ ಹೊತ್ತುಕೊಂಡು ಅಗುಳುಗಳ ಸಂದಿಯಲ್ಲಿ ಏರುತ್ತದೆ. ತಣ್ಣಗಿನ ಅಗುಳು ಸಿಕ್ಕಿದ ಕಡೆ ಮತ್ತೆ ನೀರಾಗಿ, ಶಾಖವನ್ನು ಅಲ್ಲೇ ಬಿಡುತ್ತದೆ. ಎಲ್ಲಿ ತಣ್ಣಗಿದೆಯೋ ಅಲ್ಲಿಗೇ ಜಾಸ್ತಿ ಶಾಖ ಸಿಗುತ್ತದೆ. ಎಷ್ಟು ಚೆಂದದ ಏರ್ಪಾಡು!

ಇದು ಗೊತ್ತಾದರೆ ಅಡುಗೆಯವರು ಮಾಡುವ ಒಂದೊಂದಕ್ಕೂ ಕಾರಣ ಸಿಗುತ್ತದೆ. ಅನ್ನವನ್ನು ಒತ್ತಬಾರದು, ಸುಮ್ನೆ ಉದುರಿಸಬೇಕು. ಒತ್ತಿದರೆ ಹಬೆಯ ದಾರಿ ಮುಚ್ಚುತ್ತದೆ. ಮುಚ್ಚಳದ ಅಂಚಿಗೆ ಗೋಧಿ ಹಿಟ್ಟಿನ ಕಣಕ ಮೆತ್ತುವುದು ಹಬೆ ಸೋರದಿರಲಿ ಎಂದು. ತಳದಲ್ಲಿ ತೇವ ಇರುವ ತನಕ ಅಲ್ಲಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ತೇವ ಆರಿತೋ, ಬಿಸಿ ಸರಸರ ಏರುತ್ತದೆ. 140 ಡಿಗ್ರಿ ಹೊತ್ತಿಗೆ ಮಸಾಲೆ ಕೆಂಪಾಗಿ, ಆಮೇಲೆ ಸೀಯುತ್ತದೆ. ಹಾಗಾಗಿ ಮೊಸರಿನ ಮಸಾಲೆ ತೀರಾ ಗಟ್ಟಿಯಿದ್ದರೆ ಸ್ವಲ್ಪ ನೀರು ಬೆರೆಸಿಕೊಳ್ಳಿ.

ಅಕ್ಕಿಯ ಹದ ಇನ್ನೂ ಸೂಕ್ಷ್ಮ. ಅರ್ಧ ಗಂಟೆ ನೆನೆಸಿದರೆ ನೀರು ಕಾಳಿನ ಒಳತನಕ ಇಳಿದು, ಒಳಗೂ ಹೊರಗೂ ಒಂದೇ ಸಮ ಬೇಯುತ್ತದೆ. ಉಪ್ಪು ಹಾಕಿದ ನೀರಲ್ಲಿ ಕುದಿಯುತ್ತಿರುವಾಗ ಒಂದು ಅಗುಳು ತೆಗೆದು ಬೆರಳ ನಡುವೆ ಹೊಸಕಿ ನೋಡಿ. ಸುತ್ತ ಮೆತ್ತಗಾಗಿ ನಡುವೆ ಬಿಳಿ ಚುಕ್ಕೆ ಇದ್ದರೆ ಅರೆಬೆಂದಿದೆ. ಆಗಲೇ ಅರ್ಧ ಅಕ್ಕಿಯನ್ನು ಜಾಲರಿ ಸೌಟಿನಲ್ಲಿ ಬಸಿದು ಮಾಂಸದ ಮೇಲೆ ಹರಡಿ. ಉಳಿದದ್ದು ಇನ್ನೊಂದೆರಡು ನಿಮಿಷ ಕುದಿಯಲಿ, ಚುಕ್ಕೆ ಚಿಕ್ಕದಾಗಲಿ. ಅದು ಮೇಲಿನ ಪದರಕ್ಕೆ. ಕೆಳಗಿನ ಅನ್ನಕ್ಕೆ ಮಾಂಸದ ರಸ ಸಿಗುತ್ತದೆ, ಮೇಲಿನದಕ್ಕೆ ಅದಿಲ್ಲ. ಅದಕ್ಕೇ ಅದನ್ನು ಜಾಸ್ತಿ ಬೇಯಿಸಿ ಹಾಕುವುದು. ನನ್ನ ಮಟ್ಟಿಗೆ ಇಡೀ ಬಿರಿಯಾನಿಯಲ್ಲಿ ಇದೇ ದೊಡ್ಡ ಜಾಣತನ.

ತೆಳು ಸ್ಟೀಲ್ ಪಾತ್ರೆಯಾದರೆ ಕೆಳಗೆ ದಪ್ಪ ಕಬ್ಬಿಣದ ಕಾವಲಿ ಇಡಿ. ಸ್ಟೀಲ್‌ನಲ್ಲಿ ಶಾಖ ಅಕ್ಕಪಕ್ಕಕ್ಕೆ ನಿಧಾನವಾಗಿ ಹರಡುತ್ತದೆ, ಹಾಗಾಗಿ ಉರಿ ತಾಗಿದ ಕಡೆಯೇ ಸೀಯುತ್ತದೆ. ಮೊದಲು ಜೋರು ಉರಿಯಲ್ಲಿ ಹಬೆ ಬರಿಸಿ, ಆಮೇಲೆ ಸಣ್ಣಗೆ ಮಾಡಿ. ಬೆಂಗಳೂರಿನವರು ಐದು ನಿಮಿಷ ಹೆಚ್ಚೇ ಬಿಡಬಹುದು. ಇಲ್ಲಿನ ಎತ್ತರಕ್ಕೆ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.

ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಭಟ್ಕಳದ ದಾರಿ. ಅಲ್ಲಿ ಮಾಂಸವನ್ನು ಈರುಳ್ಳಿ ಮಸಾಲೆಯಲ್ಲಿ ಮೊದಲೇ ಬೇಯಿಸಿ, ಆಮೇಲೆ ಅನ್ನದೊಂದಿಗೆ ಪದರ ಹಾಕುತ್ತಾರೆ. ಮಾಂಸ ಬೆಂದಿದೆಯೋ ಇಲ್ಲವೋ ಎಂಬ ಚಿಂತೆಯೇ ಇಲ್ಲ.

ಒಲೆ ಆರಿಸಿದ ಮೇಲೆ ಹದಿನೈದು ನಿಮಿಷ ಮುಚ್ಚಳ ತೆಗೆಯಬೇಡಿ. ಅಗುಳಿನ ಹೊರಗಿನ ತೇವ ಒಳಗೆ ಇಳಿಯುವುದು ಆಗಲೇ. ಬಡಿಸುವಾಗ ನಡುವೆ ಕಲಕದೆ, ಒಂದು ಬದಿಯಿಂದ ತಳದವರೆಗೆ ಚಪ್ಪಟೆ ಸೌಟು ಇಳಿಸಿ ಎತ್ತಿದರೆ, ಅನ್ನ, ಮಾಂಸ ಎರಡೂ ಒಟ್ಟಿಗೆ ತಟ್ಟೆಗೆ ಬರುತ್ತವೆ.