ಮಳೆಯಲ್ಲಿ ನೆನೆದರೆ ಮಗುವಿಗೆ ನೆಗಡಿ ಬರುತ್ತಾ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಜೂನ್‌ನಲ್ಲಿ ಎಲ್‌ಕೆಜಿಗೆ ಹಾಕಿದೆವು. ಅವತ್ತಿನಿಂದ ಮೂಗು ಸೋರುವುದು ನಿಂತಿಲ್ಲ. ಒಂದು ವಾರ ಚೆನ್ನಾಗಿದ್ದರೆ ಮತ್ತೆ ಶುರು. ಮಳೆಯಲ್ಲಿ ಆಡಲು ಬಿಟ್ಟಿದ್ದಕ್ಕೇ ಹೀಗಾಗಿದೆ ಅಂತ ಅತ್ತೆ ಹೇಳುತ್ತಾರೆ. ನೆನೆದರೆ ನಿಜವಾಗಿಯೂ ನೆಗಡಿ ಬರುತ್ತಾ? ಇಷ್ಟು ಸಲ ಆಗುವುದು ಸರೀನಾ?

ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಆರಿದ್ರಾ ಅಂದರೆ ಜೂನ್ 22ರ ಆಸುಪಾಸು. ಶಾಲೆ ಶುರುವಾಗಿ ಆಗ ಸರಿಯಾಗಿ ಮೂರು ವಾರ ಆಗಿರುತ್ತದೆ. ಮಳೆ ಮತ್ತು ಶಾಲೆ ನಮ್ಮಲ್ಲಿ ಒಟ್ಟಿಗೇ ಬರುವುದರಿಂದ, ಶಾಲೆ ಮಾಡಿದ ತಪ್ಪಿಗೆಲ್ಲ ಮಳೆ ಬೈಸಿಕೊಳ್ಳುತ್ತದೆ.

ನೆಗಡಿ ತರುವುದು ವೈರಸ್. ಮಳೆ ನೀರಿನಲ್ಲಿ ಅದು ಇರುವುದಿಲ್ಲ. ಪಕ್ಕದಲ್ಲಿ ಕೂತ ಮಗುವಿನ ಗೊಣ್ಣೆಯಲ್ಲಿ, ಸೀನಿದ ಗಾಳಿಯಲ್ಲಿ, ಆಮೇಲೆ ಅದೇ ಮಗು ಮುಟ್ಟಿದ ಕ್ರೇಯಾನ್ ಮೇಲೆ ಇರುತ್ತದೆ. ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆ. ಒಂದು ಬಗೆ ಬಂದು ಹೋದರೆ ಇನ್ನೊಂದಕ್ಕೆ ರಕ್ಷಣೆ ಸಿಗುವುದಿಲ್ಲ. ಇದುವರೆಗೆ ಮನೆಯಲ್ಲಿ ನಾಲ್ಕೈದು ಜನರ ನಡುವೆ ಬೆಳೆದ ಮಗು ಒಮ್ಮೆಲೇ ಮೂವತ್ತು ಮಕ್ಕಳ ನಡುವೆ ಹೋಗಿ ಕೂರುತ್ತದೆ. ಎರಚಲು ಹೊಡೆಯುತ್ತದೆ ಅಂತ ಟೀಚರ್ ಕಿಟಕಿ ಮುಚ್ಚುತ್ತಾರೆ. ಆಟವೂ ಒಳಗೇ. ಮೂವತ್ತು ಮನೆಗಳ ವೈರಸ್ಸಿಗೆ ಇಷ್ಟು ಸಾಕು.

ಇನ್ನು ಎಷ್ಟು ಸಲ ಅನ್ನುವುದು. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ನೆಗಡಿ ಮಾಮೂಲು. ಪ್ಲೇಹೋಂ, ಎಲ್‌ಕೆಜಿಯ ಮೊದಲ ವರ್ಷದಲ್ಲಿ ಇನ್ನೂ ಎರಡು ಮೂರು ಜಾಸ್ತಿ ಆದರೂ ಆಶ್ಚರ್ಯವಿಲ್ಲ. ಒಂದು ನೆಗಡಿ ಹೋಗಲು ಹತ್ತು ದಿನ ಹಿಡಿಯುತ್ತದೆ. ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ. ಲೆಕ್ಕ ಹಾಕಿ: ಎಂಟು ನೆಗಡಿಗೆ ಎಂಬತ್ತು ದಿನ. ಅದರಲ್ಲಿ ಮುಕ್ಕಾಲು ಪಾಲು ಮಳೆಗಾಲ ಮತ್ತು ಚಳಿಗಾಲದಲ್ಲೇ ಬೀಳುತ್ತದೆ ಅಂದುಕೊಂಡರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಗು ಒಣಗಿದ ದಿನ ನೆನಪೇ ಇಲ್ಲ ಅಂತ ಅನಿಸುವುದು ಸಹಜ. 'ರೋಗನಿರೋಧಕ ಶಕ್ತಿ ಕಮ್ಮಿ ಇರಬೇಕು' ಅಂತ ಟಾನಿಕ್ ಹುಡುಕಿಕೊಂಡು ಹೋಗುವ ಮೊದಲು ಈ ಲೆಕ್ಕ ಮಾಡಿ ನೋಡಿ. ಮಗು ಊಟ ಮಾಡುತ್ತಿದೆ, ತೂಕ ಏರುತ್ತಿದೆ, ನೆಗಡಿಗಳ ನಡುವೆ ಕುಣಿದಾಡುತ್ತಿದೆ ಅಂದರೆ ಬಹುಮಟ್ಟಿಗೆ ಎಲ್ಲ ಸರಿ ಇದೆ.

ಹಾಗಾದರೆ ಅತ್ತೆ ಹೇಳಿದ್ದು ಪೂರ್ತಿ ತಪ್ಪಾ? ಇಲ್ಲೇ ಸ್ವಲ್ಪ ಸ್ವಾರಸ್ಯ ಇದೆ.

ಇಂಗ್ಲೆಂಡಿನ ಸಾಲಿಸ್‌ಬರಿ ಹತ್ತಿರ 1946ರಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಕೇಂದ್ರ ತೆರೆದರು. ಬಂದವರಿಗೆ ಊಟ ವಸತಿ ಪುಕ್ಕಟೆ. ಬದಲಿಗೆ ಮೂಗಿಗೆ ವೈರಸ್ಸಿನ ಹನಿ ಬಿಡಿಸಿಕೊಳ್ಳಬೇಕು. ಅಲ್ಲಿ ಕೆಲವರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆ ಮೈಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು. ಒದ್ದೆ ಕಾಲುಚೀಲದಲ್ಲೇ ಓಡಾಡಿಸಿದರು. ನಮ್ಮಜ್ಜಿ ನೋಡಿದ್ದರೆ ಸೌದೆ ತಗೊಂಡು ಓಡಿಸುತ್ತಿದ್ದಳು! ವೈರಸ್ ಕೊಡದೆ ಬರೀ ಚಳಿ ಹಿಡಿಸಿದವರಿಗೆ ನೆಗಡಿ ಬರಲಿಲ್ಲ. ಅಂದರೆ ಅತ್ತೆ ಸೋತರು.

ಆದರೆ 2005ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಇನ್ನೊಂದು ಪ್ರಯೋಗದ ವರದಿ ಬಂತು. 180 ಜನರಲ್ಲಿ ಅರ್ಧ ಜನ 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕೂತರು. ಉಳಿದವರು ಖಾಲಿ ಬೋಗುಣಿಯಲ್ಲಿ ಕಾಲಿಟ್ಟುಕೊಂಡರು. ಮುಂದಿನ ನಾಲ್ಕೈದು ದಿನಗಳಲ್ಲಿ ನೀರಿನಲ್ಲಿ ಕಾಲಿಟ್ಟ 90 ಜನರಲ್ಲಿ 13 ಜನ ನೆಗಡಿ ಅಂದರು. ಇನ್ನೊಂದು ಗುಂಪಿನ 90ರಲ್ಲಿ 5 ಜನ. ಮೈ ತಣ್ಣಗಾದಾಗ ಮೂಗಿನ ಒಳಗಿನ ರಕ್ತನಾಳಗಳು ಕುಗ್ಗುತ್ತವೆ, ಅಷ್ಟು ಹೊತ್ತಿಗೆ ಮೂಗಿನಲ್ಲಿ ಆಗಲೇ ಸದ್ದಿಲ್ಲದೆ ಕೂತಿದ್ದ ವೈರಸ್ಸಿಗೆ ದಾರಿ ಸಲೀಸಾಗುತ್ತದೆ ಎಂಬುದು ಆ ಸಂಶೋಧಕರ ಊಹೆ. ರೈನೋವೈರಸ್ ಮೈಯ ಒಳಗಿನ 37 ಡಿಗ್ರಿಗಿಂತ ಮೂಗಿನ 33 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ ಅನ್ನುವುದೂ ಗೊತ್ತಿರುವ ವಿಷಯ.

ಹಾಗಾಗಿ ನನ್ನ ತೀರ್ಪು ಇದು: ನೆನೆಯುವುದರಿಂದ ನೆಗಡಿ ಹುಟ್ಟುವುದಿಲ್ಲ. ಆದರೆ ನೆನೆದ ಬಟ್ಟೆಯಲ್ಲೇ ಗಂಟೆಗಟ್ಟಲೆ ಇರುವುದು ಒಳ್ಳೆಯದಲ್ಲ. 'ತಲೆ ಒರೆಸ್ಕೋ' ಅನ್ನುವ ಮಾತಿಗೆ ನನ್ನ ಪೂರ್ತಿ ಬೆಂಬಲ ಇದೆ. 'ಹೊರಗೆ ಹೋಗ್ಬೇಡ' ಅನ್ನುವುದಕ್ಕೆ ಇಲ್ಲ.

ನಮ್ಮ ಮನೆಯದೇ ಒಂದು ಸಂಗತಿ. ಮಗ ಯುಕೆಜಿಯಲ್ಲಿದ್ದಾಗ ಜುಲೈನಲ್ಲಿ ಐದು ದಿನ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಕರೆದುಕೊಂಡು ಹೋಗಿದ್ದೆ. ಸೂರಿನಿಂದ ಹಗ್ಗದಷ್ಟು ದಪ್ಪ ನೀರು ಬೀಳುತ್ತಿತ್ತು. ಅವನು ಅದರ ಕೆಳಗೆ ತಲೆ ಕೊಟ್ಟು ನಿಲ್ಲುವುದು, ನಮ್ಮಮ್ಮ ಬೈದುಕೊಂಡು ಎಳೆದು ತರುವುದು. ಅಮ್ಮ ಅವನನ್ನು ಬಚ್ಚಲೊಲೆಯ ಮುಂದೆ ಮಣೆ ಹಾಕಿ ಕೂರಿಸಿ, ಹಳೇ ಪಂಚೆಯಲ್ಲಿ ತಲೆ ತಿಕ್ಕಿ, ಒಂದು ಲೋಟ ಜೀರಿಗೆ ಕಷಾಯ ಕೈಗೆ ಕೊಡುತ್ತಿದ್ದರು. ಅವನ ಕೂದಲಿಗೆಲ್ಲ ಹೊಗೆ ವಾಸನೆ. ಐದು ದಿನವೂ ನೆನೆದ, ಒಂದು ಸೀನೂ ಇಲ್ಲ. ಬೆಂಗಳೂರಿಗೆ ಬಂದು ಸೋಮವಾರ ಶಾಲೆಗೆ ಹೋದ. ಗುರುವಾರ ಮೂಗು ಸೋರಿತು. ವೈರಸ್ ಮೈ ಸೇರಿ ನೆಗಡಿಯಾಗಿ ಹೊರಬೀಳಲು ಒಂದರಿಂದ ಮೂರು ದಿನ ಬೇಕು, ಲೆಕ್ಕ ಸರಿಹೋಯಿತು. ಒಬ್ಬ ಹುಡುಗನ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಅಮ್ಮನಂತೂ ಇವತ್ತಿಗೂ 'ನಮ್ಮನೇಲಿ ನೆಂದಿದ್ದು ಅಲ್ಲಿ ಹೋಗಿ ಹೊರಗೆ ಬಂತು' ಅಂತಲೇ ಹೇಳುತ್ತಾರೆ.

ನೆಗಡಿ ಬಂದೇ ಬಿಟ್ಟಿತು ಅಂದರೆ ಮಾಡುವುದು ಬಹಳ ಇಲ್ಲ. ಮೂಗು ಕಟ್ಟಿದ್ದರೆ ಮಲಗುವ ಮೊದಲು ಸಲೈನ್ ಹನಿ. ಬಿಸಿ ಸಾರನ್ನ, ಮೆಣಸಿನ ಸಾರು, ದೊಡ್ಡಪತ್ರೆ ತಂಬುಳಿ, ಮಗು ಏನು ಇಷ್ಟಪಡುತ್ತದೋ ಅದು. ಒಂದು ವರ್ಷ ದಾಟಿದ್ದರೆ ರಾತ್ರಿ ಕೆಮ್ಮಿಗೆ ಒಂದು ಚಿಕ್ಕ ಚಮಚ ಜೇನುತುಪ್ಪ ಹಿತ. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು, ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಪಾತ್ರೆಗೆ ಕುದಿಯುವ ನೀರು ಸುರಿದು ಬೆಡ್‌ಶೀಟ್ ಹೊದಿಸಿ ಹಬೆ ಕೊಡುವುದು ಚಿಕ್ಕ ಮಕ್ಕಳಿಗೆ ಬೇಡ. ಮಗು ಕೈ ಕಾಲು ಒದರಿದರೆ ನೀರು ಮೈಮೇಲೆ. ನೆಗಡಿ ಹತ್ತು ದಿನಕ್ಕೆ ಹೋಗುತ್ತದೆ, ಸುಟ್ಟ ಕಲೆ ಹೋಗುವುದಿಲ್ಲ. ಗೊಣ್ಣೆ ಹಳದಿಯೋ ಹಸಿರೋ ಆದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕಿಲ್ಲ, ನೆಗಡಿ ಹಣ್ಣಾಗುವಾಗ ಬಣ್ಣ ಬದಲಾಗುವುದು ಇದ್ದದ್ದೇ.

ಕೆಮ್ಮಿನ ಸಿರಪ್ ಬಗ್ಗೆ ಮಾತ್ರ ನಾನು ಜಗಳಕ್ಕೇ ನಿಲ್ಲುತ್ತೇನೆ. 'ಮಗು ಕೆಮ್ತಿದೆ, ಒಂದು ಸಿರಪ್ ಕೊಡಿ' ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳುವುದು ನಮಗೆ ಕೊತ್ತಂಬರಿ ಸೊಪ್ಪು ಕೇಳಿದಷ್ಟೇ ಸಲೀಸು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿ ಮೇಲೇ ಬರೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಣ ಇಲಾಖೆ 2023ರ ಡಿಸೆಂಬರ್‌ನಲ್ಲಿ ಹೇಳಿದೆ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲಬೆರಕೆ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ನೆನಪಿರಬೇಕು. ಆಗ ಕೇಂದ್ರ ಆರೋಗ್ಯ ಇಲಾಖೆ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಸೂಚನೆ ಕೊಟ್ಟಿತು. ಮಕ್ಕಳ ಕೆಮ್ಮಿಗೆ ಇವುಗಳಿಂದ ಅಂಥ ಉಪಯೋಗವೂ ಇಲ್ಲ.

ಪ್ಯಾರಾಸಿಟಮಾಲ್ ಜ್ವರಕ್ಕೆ, ಅದೂ ಮಗುವಿನ ತೂಕ ನೋಡಿ. ಒಂದು ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಬಾಟಲಿಗಳಲ್ಲಿ ಎರಡು ಸಾಂದ್ರತೆ ಸಾಮಾನ್ಯ: 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂನದು, ಮತ್ತು 250ರದ್ದು. ಒಮ್ಮೆ ರಾತ್ರಿ ಎರಡು ಗಂಟೆಗೆ, ಅರೆನಿದ್ದೆಯಲ್ಲಿ, ನಾನು 125ರ ಅಳತೆಯನ್ನು 250ರ ಬಾಟಲಿಯಿಂದ ತುಂಬಿಸಿಬಿಟ್ಟಿದ್ದೆ. ಮಗ 'ಬಣ್ಣ ಬೇರೆ' ಅಂತ ಬಾಯಿ ಮುಚ್ಚಿಕೊಂಡ, ಬಚಾವಾದೆವು. ಈಗ ಮನೆಯಲ್ಲಿ ಒಂದೇ ಬಾಟಲಿ, ಅದರ ಮೇಲೆ ಮಾರ್ಕರ್‌ನಲ್ಲಿ ಅಳತೆ ಬರೆದಿದೆ.

ಡಾಕ್ಟರ ಹತ್ತಿರ ಯಾವಾಗ ಓಡಬೇಕು ಅನ್ನುವುದಕ್ಕೆ ಮೂಗಿಗಿಂತ ಹೊಟ್ಟೆ ನೋಡುವುದು ಒಳ್ಳೆಯದು. ಮಗು ಮಲಗಿರುವಾಗ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಎಷ್ಟು ಸಲ ಏರಿಳಿಯುತ್ತದೆ ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಜಾಸ್ತಿ ಬಂದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆ ನ್ಯುಮೋನಿಯಾ ಗುರುತಿಸಲು ಇಟ್ಟಿರುವ ಅಳತೆಯೇ ಇದು. ಉಸಿರೆಳೆದಾಗ ಪಕ್ಕೆ ಕೆಳಗೆ ಗುಳಿ ಬಿದ್ದರೆ, ಸುಯ್ ಅಂತ ಸದ್ದು ಬಂದರೆ, ಮಗು ನೀರನ್ನೂ ಕುಡಿಯದಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಅಷ್ಟೇ.

ಮಳೆಗಾಲದಲ್ಲಿ ಇನ್ನೊಂದು ಅನುಮಾನ ಇಟ್ಟುಕೊಂಡಿರಬೇಕು. ಮೂಗು ಸೋರುತ್ತಿಲ್ಲ, ಕೆಮ್ಮಿಲ್ಲ, ಜ್ವರ ಮಾತ್ರ ಜೋರು ಅಂದರೆ ಡೆಂಗಿ ಇರಬಹುದು. ಆಗ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ; ಐಬುಪ್ರೊಫೇನ್, ಆಸ್ಪಿರಿನ್ ಕೊಡಬಾರದು. ಜ್ವರ ಇಳಿದ ದಿನವೇ ಜಾಸ್ತಿ ಎಚ್ಚರ ಬೇಕು: ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ಆಸ್ಪತ್ರೆ. ಆ ಸೊಳ್ಳೆ ಹಗಲು ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಬೇಕು. ಅದಕ್ಕೇ ನಮ್ಮಲ್ಲಿ ಪ್ರತಿ ಭಾನುವಾರ ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಖಾಲಿ ಮಾಡುವ ಕೆಲಸ ಮಗನದು.

ಫ್ಲೂ ಲಸಿಕೆಯ ಬಗ್ಗೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ. ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿ ವರ್ಷ ಹಾಕಿಸಿ ಅಂತ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಮಳೆಗೆ ಮೊದಲೇ, ಅಂದರೆ ಮೇ ತಿಂಗಳಲ್ಲೇ ಹಾಕಿಸಿದರೆ ಒಳ್ಳೆಯದು. ಸಾಮಾನ್ಯ ನೆಗಡಿಯನ್ನು ಅದು ತಡೆಯುವುದಿಲ್ಲ.

ಕೊನೆಗೆ, ನೆನೆಯಲು ಬಿಡಬಹುದಾ? ಬಿಡಿ. ಗುಡುಗು ಮಿಂಚು ಇರುವಾಗ ಬೇಡ. ರಸ್ತೆಯಲ್ಲಿ ನಿಂತ ಕೊಚ್ಚೆ ನೀರೂ ಬೇಡ, ಇಲಿ ಜ್ವರದ ಭಯ ಇರುವುದು ಅಲ್ಲೇ. ಟೆರೇಸ್, ಅಂಗಳ ಆದರೆ ಸಾಕು. ಹತ್ತು ಹದಿನೈದು ನಿಮಿಷ ಆದಮೇಲೆ ಒಳಗೆ ಕರೆದು, ಬಟ್ಟೆ ಬದಲಿಸಿ, ತಲೆ ಒರೆಸಿ. ತಲೆ ಒರೆಸುವ ಕೆಲಸ ಅತ್ತೆಗೇ ಕೊಟ್ಟು ನೋಡಿ. ನಿಜವಾಗಿ ತಲೆನೋವಾಗುವುದು ಶೂ. ರಾತ್ರಿ ಹಳೇ ಪೇಪರ್ ಉಂಡೆ ಮಾಡಿ ಶೂ ಒಳಗೆ ತುರುಕಿ ಫ್ಯಾನ್ ಕೆಳಗಿಡಿ, ಮಲಗುವ ಮೊದಲು ಒಂದು ಸಲ ಪೇಪರ್ ಬದಲಿಸಿ. ಬೆಳಿಗ್ಗೆ ಮುಗ್ಗಲು ವಾಸನೆ ಇಲ್ಲದೆ ಒಣಗಿರುತ್ತದೆ.